ಗೋಪುರವಿಲ್ಲದ ಮನೆ

ಮಹಾಪುರುಷರ ಜೀವನಚರಿತ್ರೆಯನ್ನು ಬರೆಯುವವರು ಅವರು ಹುಟ್ಟಿದ ಮನೆಯಿಂದ ಪ್ರಾರಂಭಿಸುವುದು ವಾಡಿಕೆ. ವಿಲಿಯಂ ಪೆನ್ನನ ವಿಷಯದಲ್ಲಿ ನಾನು ಈ ವಾಡಿಕೆಯನ್ನು ಬಿಟ್ಟು, ಆತನು ಮಣ್ಣಾಗಿ ಮಲಗಿರುವ ಜಾಗದಿಂದ ಪ್ರಾರಂಭಿಸಬೇಕೆಂದಿದ್ದೇನೆ. ಪೆನ್ನನು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಸ್ಥಾಪಕನೆಂದೂ ಫಿಲಡೆಲ್ಫಿಯ ನಗರದ ನಿರ್ಮಾತೃವೆಂದೂ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಆತನ ಬಾಳಿನ ತಿರುಳನ್ನು ಕಾಣಬೇಕಾದರೆ ಆ ಮಹಾನಗರಕ್ಕಿಂತ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಚಿಕ್ಕ ಇಟ್ಟಿಗೆಯ ಮನೆ ನಮಗೆ ಹೆಚ್ಚು ನೆರವಾಗುತ್ತದೆಂದು ಬಹುಕಾಲದಿಂದ ನನಗೆ ಅನ್ನಿಸಿದೆ. ಆ ಮನೆಯನ್ನು ಪೆನ್ನನು ಕಟ್ಟಿಸಲಿಲ್ಲ. ಅದರಲ್ಲಿ ಆತನು ವಾಸಮಾಡಲೂ ಇಲ್ಲ. ಆದರೂ ಆತನ ಹೋರಾಟವೆಲ್ಲವೂ ಅಂಥ ಒಂದು ಮನೆ ನಿಲ್ಲುವುದಕ್ಕಾಗಿಯೇ ನಡೆಯಿತು. ಆತನ ಗೆಲವು ಸೋಲುಗಳೆರಡನ್ನೂ ಅಳೆಯುವುದಕ್ಕೆ ಆ ಮನೆಗಿಂತ ಸರಿಯಾದ ಅಳತೆಗೋಲು ಸಿಗಲಾರದು.

ಲಂಡನ್ನಿಗೆ ವಾಯವ್ಯದಲ್ಲಿ ಸುಮಾರು 25 ಮೈಲಿ ದೂರದಲ್ಲಿ, ಬಕಿಂಗ್‌ಹ್ಯಾಂಷೈರಿನ ಬೀಚ್ ಮರಗಳ ನಾಡಿನಲ್ಲಿ, ಜೋರ್ಡನ್ಸ್ ಎಂಬ ಸ್ಥಳವಿದೆ. ಅಲ್ಲಿ ತಗ್ಗಿನ ಒಂದು ದಾರಿಯ ಪಕ್ಕದಲ್ಲಿ 1688ರಲ್ಲಿ ಕಟ್ಟಿದ ಕ್ವೇಕರರ ಕೂಟದ ಮನೆ ನಿಂತಿದೆ. ಕೆಂಪು ಇಟ್ಟಿಗೆಯ ಗೋಡೆ, ನಾಲ್ಕು ಕಡೆಗೂ ಇಳಿಬಿದ್ದ ಹೆಂಚಿನ ಮಾಡು, ಸಣ್ಣ ಸಣ್ಣ ಗಾಜಿನ ತುಣುಕುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿದ ಕಿಟಕಿಗಳು, ಅವುಗಳಿಗೆ ಮರದ ಕದಗಳು. ಹೊರಗಿನಿಂದ ಕಾಣುವುದು ಇಷ್ಟೇ. ದಾರಿಹೋಕನೊಬ್ಬನು ಅದನ್ನು ಅನುಕೂಲವಂತನಾದ ಒಬ್ಬ ರೈತನ ಮನೆಯೆಂದು ತಿಳಿದು ಮುಂದೆ ಹೋದರೆ ಆಶ್ಚರ್ಯವಿಲ್ಲ. ಒಳಗೆ ಹೋದರೆ ಇಟ್ಟಿಗೆಯ ನೆಲ. ಗೋಡೆಯ ಕೆಳಭಾಗಕ್ಕೆ ಮರದ ಹಲಗೆಯ ಹೊದಿಕೆ. ಮೇಲೆ ಬರಿಯ ಗೋಡೆ. ಬಣ್ಣ ಬಳಿಯದ ಮರದ ಬೆಂಚುಗಳ ಸಾಲುಗಳು. ಒಂದು ಕಡೆ, ಸಭೆಗೆ ಎದುರಾಗಿ, ನೆಲಕ್ಕಿಂತ ತುಸು ಎತ್ತರದಲ್ಲಿ ಹಿರಿಯರು ಕುಳಿತುಕೊಳ್ಳುವ ಒಂದು ಬೆಂಚು. ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಪೂಜಾವೇದಿಕೆಯಿಲ್ಲ, ಶಿಲುಬೆಯಿಲ್ಲ, ಪಾದ್ರಿಗೆ ಪೀಠವಿಲ್ಲ, ಚಿತ್ರ ಬರೆದ ಗಾಜಿಲ್ಲ. ಘಂಟೆ ಕಟ್ಟಲು ಗೋಪುರವೂ ಇಲ್ಲ.

ಇಂಥ ಕಟ್ಟಡವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಗುಡಿಯೆಂದರೆ ಒಳಗೆ ದೇವರಿರಬೇಕು. ಮಂದಿರವೆಂದರೆ ಶಿಖರದ ನೆನಪು ಬರುತ್ತದೆ. ಸಭಾಭವನವೆಂದರೆ ಭಾಷಣ, ಚಪ್ಪಾಳೆಗಳ ಸದ್ದು ಕೇಳಿಸುತ್ತದೆ. ಜನ ಬಂದು ಕೂಡುವ ಮನೆ ಎಂಬ ಅರ್ಥದಲ್ಲಿ ಕೂಟದ ಮನೆ ಎಂಬ ಮಾತನ್ನು ನಾನು ಬಳಸಿದ್ದೇನೆ. ಅಲ್ಲಿ ನಡೆಯುವ ಪೂಜೆಯೂ ಈ ಹೆಸರಿಗೆ ತಕ್ಕುದೇ. ಜನರು ಬರುತ್ತಾರೆ, ಮೌನವಾಗಿ ಕುಳಿತುಕೊಳ್ಳುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ನಾಲ್ಕು ಮಾತು ಹೇಳುತ್ತಾರೆ. ಯಾರಿಗೂ ಪ್ರೇರಣೆಯಾಗದಿದ್ದರೆ ಕೂಟವೆಲ್ಲವೂ ಮೌನದಲ್ಲಿಯೇ ಮುಗಿಯುತ್ತದೆ.

ಈ ಪಂಥದ ಮೂಲಪುರುಷನಾದ ಜಾರ್ಜ್ ಫಾಕ್ಸನು ಹದಿನೇಳನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಊರೂರು ಸುತ್ತಿ ಬೋಧಿಸಿದ ವಿಷಯ ಬಹು ಸರಳವಾದುದು. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆ. ಅದನ್ನು ಕಾಣಲು ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ. ಕಲ್ಲಿನಿಂದ ಕಟ್ಟಿದ್ದು ಚರ್ಚಲ್ಲ, ಕೂಡಿದ ಜನರೇ ಚರ್ಚು ಎಂಬುದು ಆತನ ಮತ. ಊರಿನ ದೇವಾಲಯಗಳನ್ನು ಆತನು ಗೋಪುರದ ಮನೆಗಳೆಂದೇ ಕರೆಯುತ್ತಿದ್ದನು. ಈ ಮತದಿಂದ ಹುಟ್ಟಿದ ವಾಸ್ತುಶಿಲ್ಪ ಹೇಗಿರಬೇಕೋ ಜೋರ್ಡನ್ಸಿನ ಮನೆ ಹಾಗಿದೆ. ಇಂಗ್ಲೆಂಡಿನ ಹಳ್ಳಿಯ ಚರ್ಚಿನಲ್ಲಿ ಪೂಜಾಸ್ಥಾನ ಒಂದು ತುದಿಗೆ, ಜನ ಇನ್ನೊಂದು ತುದಿಗೆ. ಜಮೀನ್ದಾರನಿಗೆ ಮುಂದಿನ ಆಸನ, ಬಡವನಿಗೆ ಹಿಂದಿನ ಆಸನ. ಕಟ್ಟಡದ ಉದ್ದಗಲವೇ ಸಮಾಜದ ಮೇಲು ಕೀಳುಗಳ ನಕ್ಷೆಯಾಗಿತ್ತು. ಕೂಟದ ಮನೆಯಲ್ಲಿ ಆ ನಕ್ಷೆಯನ್ನು ಅಳಿಸಿಹಾಕಿದರು. ಉಳಿದುದು ನಾಲ್ಕು ಗೋಡೆ, ಬೆಳಕು, ಕುಳಿತುಕೊಳ್ಳಲು ಜಾಗ.

ಇಂಥ ಪಂಥಕ್ಕೆ ವಿಲಿಯಂ ಪೆನ್ನನು ಸೇರಿದ್ದು ಆ ಕಾಲದ ಜನರಿಗೆ ನಂಬಲಾಗದ ಸಂಗತಿಯಾಗಿತ್ತು. 1644ರ ಅಕ್ಟೋಬರ್ 14ರಂದು ಲಂಡನ್ನಿನ ಟವರ್ ಕೋಟೆಯ ಹತ್ತಿರ ಆತನು ಹುಟ್ಟಿದನು. ತಂದೆ ಸರ್ ವಿಲಿಯಂ ಪೆನ್ ನೌಕಾಸೈನ್ಯದ ಅಡ್ಮಿರಲ್, 1655ರಲ್ಲಿ ಜಮೈಕ ದ್ವೀಪವನ್ನು ಇಂಗ್ಲೆಂಡಿಗೆ ಗೆದ್ದುಕೊಟ್ಟ ದಂಡನಾಯಕರಲ್ಲಿ ಒಬ್ಬನು, ರಾಜನ ಸ್ನೇಹಿತ, ಐರ್ಲೆಂಡಿನಲ್ಲಿ ಜಹಗೀರು ಪಡೆದವನು. ಮಗನು ಆಸ್ಥಾನದಲ್ಲಿ ಹೆಸರು ಪಡೆಯಲಿ ಎಂಬುದು ತಂದೆಯ ಆಸೆ. 1660ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದ ಮಗನು, ರಾಜ್ಯದ ಚರ್ಚಿನ ವಿಧಿಗಳನ್ನು ಒಪ್ಪದೆ 1662ರಲ್ಲಿ ಅಲ್ಲಿಂದ ಹೊರಬಿದ್ದನು. ಸಿಟ್ಟುಗೊಂಡ ತಂದೆ ಅವನನ್ನು ಹೊಡೆದನು. ಬಳಿಕ ಬುದ್ಧಿ ನೆಟ್ಟಗಾಗಲೆಂದು ಫ್ರಾನ್ಸಿಗೆ ಕಳುಹಿಸಿದನು. ಅಲ್ಲಿ ಸೋಮ್ಯೂರಿನ ಪ್ರಾಟೆಸ್ಟೆಂಟ್ ವಿದ್ಯಾಪೀಠದಲ್ಲಿ ಕೆಲಕಾಲ ಓದಿ, ಪ್ಯಾರಿಸಿನ ಉಡುಗೆ ತೊಡುಗೆಗಳನ್ನೂ ಕಲಿತು ಬಂದ ಮಗನನ್ನು ಕಂಡು ತಂದೆಗೆ ಸಮಾಧಾನವಾಯಿತು. ಆ ಸಮಾಧಾನ ಬಹುಕಾಲ ಉಳಿಯಲಿಲ್ಲ. 1667ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಥಾಮಸ್ ಲೋ ಎಂಬ ಕ್ವೇಕರ್ ಬೋಧಕನ ಮಾತನ್ನು ಕೇಳಿ ಪೆನ್ನನು ಆ ಪಂಥಕ್ಕೆ ಒಲಿದನು. ಅಲ್ಲಿನ ಒಂದು ಕೂಟದಲ್ಲಿಯೇ ಮೊದಲನೆಯ ಸಲ ಸೆರೆಸಿಕ್ಕಿದನು. ಆಗ ಆತನಿಗೆ ವಯಸ್ಸು ಇಪ್ಪತ್ತಮೂರು ತುಂಬಿರಲಿಲ್ಲ.

ಕ್ವೇಕರನಾಗುವುದೆಂದರೆ ಪೂಜೆಯ ರೀತಿಯನ್ನು ಬದಲಾಯಿಸಿದರೆ ಮುಗಿಯುತ್ತಿರಲಿಲ್ಲ. ಆ ಪಂಥದವರು ಯಾರ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ, ಆಣೆಯಿಡುತ್ತಿರಲಿಲ್ಲ, ಆಯುಧ ಹಿಡಿಯುತ್ತಿರಲಿಲ್ಲ. ದೊರೆಯೇ ಎದುರಿಗಿದ್ದರೂ ಏಕವಚನದಲ್ಲಿಯೇ ಮಾತನಾಡುತ್ತಿದ್ದರು. ಬಹುವಚನದ ಮರ್ಯಾದೆ ಎಷ್ಟು ಸೂಕ್ಷ್ಮವಾದುದೆಂದು ಬಲ್ಲ ಕನ್ನಡಿಗರಿಗೆ ಇದರ ಸಾಹಸವನ್ನು ವಿವರಿಸಬೇಕಾಗಿಲ್ಲ. ತಂದೆಯನ್ನೂ ನ್ಯಾಯಾಧೀಶನನ್ನೂ ನೀನು ಎಂದು ಕರೆಯುವ ಅಡ್ಮಿರಲ್ಲನ ಮಗನನ್ನು ಕಂಡು ಸಮಾಜ ನಕ್ಕಿತು; ಸರ್ಕಾರ ನಗಲಿಲ್ಲ. 1668ರ ಕೊನೆಯಲ್ಲಿ, ಒಂದು ಧಾರ್ಮಿಕ ಪುಸ್ತಿಕೆಯ ನೆವದಿಂದ, ತಾನು ಹುಟ್ಟಿದ ಮನೆಗೆ ಹತ್ತಿರವಿದ್ದ ಅದೇ ಟವರ್ ಕೋಟೆಯಲ್ಲಿ ಪೆನ್ನನು ಸೆರೆಯಾಳಾದನು. ಅಲ್ಲಿಯೇ ಆತನು ಶಿಲುಬೆಯಿಲ್ಲದೆ ಕಿರೀಟವಿಲ್ಲ ಎಂಬ ಅರ್ಥದ ಹೆಸರುಳ್ಳ ತನ್ನ ಪ್ರಸಿದ್ಧ ಗ್ರಂಥವನ್ನು ಬರೆದನು.

ಜೋರ್ಡನ್ಸಿನ ಮನೆ ಏಕೆ ಹಾಗಿದೆಯೆಂಬುದಕ್ಕೆ ಮತದ ಜೊತೆಗೆ ಕಾಯಿದೆಯೂ ಕಾರಣ. 1664ರ ಶಾಸನದ ಪ್ರಕಾರ, ರಾಜ್ಯದ ಚರ್ಚಿನ ಕ್ರಮಕ್ಕೆ ಹೊರತಾದ ಪೂಜೆಗೆ ಮನೆಯವರಲ್ಲದೆ ಐದಕ್ಕಿಂತ ಹೆಚ್ಚು ಜನ ಸೇರುವುದು ಅಪರಾಧವಾಗಿತ್ತು. 1670ರಲ್ಲಿ ಇದನ್ನು ಇನ್ನಷ್ಟು ಬಿಗಿಮಾಡಿದರು. ಕೂಟಕ್ಕೆ ಬಂದವನಿಗೆ ಮೊದಲ ಸಲ 5 ಷಿಲಿಂಗ್ ದಂಡ. ಬೋಧಿಸಿದವನಿಗೆ 20 ಪೌಂಡ್. ಕೂಟಕ್ಕೆ ಮನೆ ಕೊಟ್ಟವನಿಗೂ 20 ಪೌಂಡ್. ಹೀಗಿರುವಾಗ ಕೂಟಕ್ಕೆಂದೇ ಮನೆ ಕಟ್ಟುವವರು ಯಾರು? ಹಳ್ಳಿಗಳಲ್ಲಿ ಕ್ವೇಕರರು ಯಾರಾದರೊಬ್ಬ ರೈತನ ಮನೆಯಲ್ಲಿ ಸೇರುತ್ತಿದ್ದರು. ಜೋರ್ಡನ್ಸಿನಲ್ಲಿ ವಿಲಿಯಂ ರಸೆಲ್ ಎಂಬ ರೈತನ ಮನೆ ಅವರಿಗೆ ಆಶ್ರಯವಾಗಿತ್ತು. ಮುಂದೆ ಬಹಿರಂಗವಾಗಿ ಕಟ್ಟುವ ಕಾಲ ಬಂದಾಗ ಅವರ ಮನಸ್ಸಿನಲ್ಲಿದ್ದ ದೇವಸ್ಥಾನದ ರೂಪ ಈ ರೈತನ ಮನೆಯದೇ ಆಗಿದ್ದುದು ಸಹಜ. ಕಷ್ಟಕಾಲದಲ್ಲಿ ಕೈ ಹಿಡಿದ ಅಡುಗೆಮನೆ, ಒಳ್ಳೆಯ ಕಾಲದಲ್ಲಿ ದೇವರ ಮನೆಗೆ ಮಾದರಿಯಾಯಿತು ಎನ್ನಬಹುದು.

ಆ ಪ್ರದೇಶ ಸಾಹಿತ್ಯದ ವಿದ್ಯಾರ್ಥಿಗಳಿಗೂ ಪರಿಚಿತವಾದುದೇ. ಐಸಾಕ್ ಪೆನಿಂಗ್ಟನ್ ಮತ್ತು ಆತನ ಪತ್ನಿ ಮೇರಿ ಅಲ್ಲಿ ಚಾಲ್‌ಫಂಟಿನಲ್ಲಿ ಇದ್ದರು. ಅವರ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಥಾಮಸ್ ಎಲ್‌ವುಡ್ ಎಂಬ ತರುಣ ಕ್ವೇಕರ್. ಈತನೇ ಹಿಂದೆ ಕುರುಡನಾದ ಮಿಲ್ಟನ್ ಕವಿಗೆ ಲ್ಯಾಟಿನ್ ಗ್ರಂಥಗಳನ್ನು ಓದಿಹೇಳುತ್ತಿದ್ದವನು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿದಾಗ ಮಿಲ್ಟನ್ನನಿಗೆ ಚಾಲ್‌ಫಂಟ್ ಸೇಂಟ್ ಜೈಲ್ಸ್ ಹಳ್ಳಿಯಲ್ಲಿ ಮನೆ ಹುಡುಕಿಕೊಟ್ಟವನೂ ಈತನೇ. ಕವಿಯು ತನ್ನ ಪ್ಯಾರಡೈಸ್ ಲಾಸ್ಟ್ ಮಹಾಕಾವ್ಯದ ಹಸ್ತಪ್ರತಿಯನ್ನು ಅಲ್ಲಿ ಈ ತರುಣನ ಕೈಗೆ ಓದಲು ಕೊಟ್ಟನು. ಕಳೆದುಹೋದ ಸ್ವರ್ಗದ ವಿಷಯವನ್ನು ಹೇಳಿದಿರಿ, ಮರಳಿ ಪಡೆದ ಸ್ವರ್ಗದ ವಿಷಯವೇನು ಎಂದು ಎಲ್‌ವುಡ್ ಕೇಳಿದ್ದೇ ಮುಂದಿನ ಕಾವ್ಯಕ್ಕೆ ಬೀಜವಾಯಿತೆಂದು ಪ್ರಸಿದ್ಧಿಯಿದೆ. ಪೆನಿಂಗ್ಟನ್ ಮತ್ತು ಎಲ್‌ವುಡ್ ಇಬ್ಬರೂ ಈಗ ಜೋರ್ಡನ್ಸಿನ ಮಣ್ಣಿನಲ್ಲಿಯೇ ಇದ್ದಾರೆ. ಮೇರಿಯ ಮೊದಲ ಗಂಡನ ಮಗಳು ಗುಲಿಯೆಲ್ಮ ಸ್ಪ್ರಿಂಗೆಟ್. ಈಕೆಯಿಂದಲೇ ವಿಲಿಯಂ ಪೆನ್ನನ ಬಾಳಿಗೂ ಈ ಹಳ್ಳಿಗೂ ಗಂಟು ಬಿದ್ದುದು.

ಆ ಮದುವೆಗೆ ಮುಂಚೆ ಲಂಡನ್ನಿನಲ್ಲಿ ಒಂದು ದೊಡ್ಡ ಪ್ರಸಂಗ ನಡೆಯಿತು. 1670ರ ಆಗಸ್ಟ್ 14ರಂದು ಗ್ರೇಸ್‌ಚರ್ಚ್ ಬೀದಿಯ ಕೂಟದ ಮನೆಗೆ ಕ್ವೇಕರರು ಬಂದಾಗ ಬಾಗಿಲು ಮುಚ್ಚಿತ್ತು. ಮುಂದೆ ಸಿಪಾಯಿಗಳ ಕಾವಲು. ಪೆನ್ನನು ಹಿಂದಿರುಗಲಿಲ್ಲ. ಬೀದಿಯಲ್ಲಿಯೇ ನಿಂತು ನೆರೆದ ಜನಕ್ಕೆ ಬೋಧಿಸಿದನು. ಆತನನ್ನೂ ವಿಲಿಯಂ ಮೀಡ್ ಎಂಬ ಸಂಗಾತಿಯನ್ನೂ ಹಿಡಿದು, ದೊಂಬಿಯೆಬ್ಬಿಸಿದರೆಂಬ ಆರೋಪದ ಮೇಲೆ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆಗೆ ನಿಲ್ಲಿಸಿದರು. ಇಬ್ಬರೂ ಟೋಪಿಯಿಲ್ಲದೆ ಒಳಗೆ ಬಂದಿದ್ದರು. ನ್ಯಾಯಪೀಠದ ಅಪ್ಪಣೆಯಂತೆ ಸೇವಕನೊಬ್ಬನು ಅವರ ತಲೆಗೆ ಟೋಪಿಯಿಟ್ಟನು. ಬಳಿಕ ಟೋಪಿ ಹಾಕಿಕೊಂಡು ನ್ಯಾಯಾಲಯಕ್ಕೆ ಅಗೌರವ ತೋರಿದರೆಂದು ತಲಾ 40 ಮಾರ್ಕ್ ದಂಡ ವಿಧಿಸಿದರು! ತಾನು ಮುರಿದ ಕಾನೂನು ಯಾವುದೆಂದು ತೋರಿಸಿರೆಂದು ಪೆನ್ನನು ಪಟ್ಟುಹಿಡಿದನು, ಅದನ್ನು ತೋರಿಸುವವರಿರಲಿಲ್ಲ.

ಅಂದಿನ ನಿಜವಾದ ವೀರರು ಪಂಚಾಯಿತರಾಗಿ ಕುಳಿತ ಹನ್ನೆರಡು ಮಂದಿ ಜೂರಿಗಳು. ಪೆನ್ನನು ಬೀದಿಯಲ್ಲಿ ಮಾತನಾಡಿದ್ದು ನಿಜ, ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆವು ಎಂದು ಅವರು ನಿಂತರು. ಬೇಕಾದ ತೀರ್ಪು ಬರುವವರೆಗೆ ಅನ್ನ, ನೀರು, ಬೆಂಕಿಯಿಲ್ಲದೆ ಅವರನ್ನು ಎರಡು ರಾತ್ರಿ ಕೂಡಿಹಾಕಿದರು. ಕೊನೆಗೆ ಅವರು ಹೇಳಿದ್ದು ಇಬ್ಬರೂ ನಿರಪರಾಧಿಗಳೆಂದು. ಇದಕ್ಕಾಗಿ ಜೂರಿಗಳಿಗೇ ದಂಡ ಬಿತ್ತು. ಕೊಡದವರು ಸೆರೆಮನೆಗೆ ಹೋದರು. ಅವರಲ್ಲಿ ಎಡ್ವರ್ಡ್ ಬುಷೆಲ್ ಮೊದಲಾದ ನಾಲ್ವರು ಬಿಡುಗಡೆಗಾಗಿ ಮೇಲಿನ ನ್ಯಾಯಾಲಯಕ್ಕೆ ಹೋದರು. ತೀರ್ಪು ಕೊಟ್ಟ ತಪ್ಪಿಗೆ ಜೂರಿಯನ್ನು ಶಿಕ್ಷಿಸಕೂಡದೆಂದು ಮುಖ್ಯ ನ್ಯಾಯಾಧೀಶ ವಾನ್ ಅದೇ ವರ್ಷ ವಿಧಿಸಿದನು. ಇಂಗ್ಲಿಷ್ ನ್ಯಾಯಪದ್ಧತಿಯನ್ನು ಅನುಸರಿಸಿದ ದೇಶಗಳಲ್ಲೆಲ್ಲ ಈ ತೀರ್ಪು ಜೂರಿಯ ಸ್ವಾತಂತ್ರ್ಯಕ್ಕೆ ತಳಹದಿಯಾಗಿದೆ. ಒಂದು ಮನೆಯ ಬಾಗಿಲನ್ನು ಮುಚ್ಚಿದ್ದರಿಂದ ನ್ಯಾಯದ ಒಂದು ಬಾಗಿಲು ಹೀಗೆ ತೆರೆಯಿತು. ಮಗನ ಟೋಪಿಯ ದಂಡವನ್ನು ಮರಣಶಯ್ಯೆಯಲ್ಲಿದ್ದ ತಂದೆಯ ಕಡೆಯಿಂದ ಯಾರೋ ಕಟ್ಟಿದರು. ಮಗನು ಬಂದು ಕೆಲವು ದಿನಗಳಾಗುವುದರೊಳಗೆ, ಸೆಪ್ಟೆಂಬರ್ ತಿಂಗಳಲ್ಲಿ, ಅಡ್ಮಿರಲ್ಲನು ತೀರಿಕೊಂಡನು. ಅಷ್ಟು ಹೊತ್ತಿಗೆ ತಂದೆ ಮಗನ ಮನಸ್ಸು ತಿಳಿಯಾಗಿತ್ತು.

1671ರಲ್ಲಿ ಜೋರ್ಡನ್ಸಿನ ಕ್ವೇಕರರು ರಸೆಲ್ಲನಿಂದ ಒಂದು ತುಂಡು ಭೂಮಿಯನ್ನು ಕೊಂಡರು. ಅದು ಕೂಟದ ಮನೆಗಲ್ಲ, ಸ್ಮಶಾನಕ್ಕೆ. ಬದುಕಿದ್ದವರು ಸೇರುವುದು ಅಪರಾಧವಾಗಿದ್ದಾಗ ಸತ್ತವರು ಮಲಗಲು ಮಾತ್ರ ಅವರಿಗೊಂದು ಸ್ವಂತ ಜಾಗ ದೊರಕಿತು. ಈ ಸ್ಥಳದ ಚರಿತ್ರೆಯಲ್ಲಿ ಸ್ಮಶಾನಕ್ಕೆ ಮನೆಗಿಂತ ಹದಿನೇಳು ವರ್ಷ ಹೆಚ್ಚು ವಯಸ್ಸಾಗಿದೆಯೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. 1672ರ ಏಪ್ರಿಲಿನಲ್ಲಿ ಪೆನ್ ಮತ್ತು ಗುಲಿಯೆಲ್ಮರ ಮದುವೆ ಹತ್ತಿರದ ಚಾರ್ಲಿವುಡ್ಡಿನಲ್ಲಿ ನಡೆಯಿತು. ಪುರೋಹಿತನಿಲ್ಲ, ಉಂಗುರವಿಲ್ಲ, ಕೂಡಿದ ಮಿತ್ರರ ಮುಂದೆ ಇಬ್ಬರೂ ಎದ್ದು ಮಾತುಕೊಟ್ಟರು. ಅವರಿಗೆ ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡು ಒಬ್ಬರಾದ ಮೇಲೊಬ್ಬರಂತೆ ಜೋರ್ಡನ್ಸಿನ ಮಣ್ಣಿಗೆ ಸೇರಿದರು.

ಇಂಗ್ಲೆಂಡಿನಲ್ಲಿ ದೊರೆಯದ ನೆಮ್ಮದಿಯನ್ನು ಪೆನ್ನನು ಸಮುದ್ರದ ಆಚೆ ಹುಡುಕಿದನು. ಎರಡನೆಯ ಚಾರ್ಲ್ಸ್ ದೊರೆ ಅಡ್ಮಿರಲ್ಲನಿಗೆ 16,000 ಪೌಂಡ್ ಕೊಡಬೇಕಾಗಿತ್ತು. ಆ ಸಾಲಕ್ಕೆ ಬದಲಾಗಿ 1681ರ ಮಾರ್ಚ್ 4ರಂದು ಅಮೆರಿಕದಲ್ಲಿ ಸುಮಾರು 45,000 ಚದರ ಮೈಲಿಯ ಕಾಡುನಾಡನ್ನು ಮಗನಿಗೆ ಬರೆದುಕೊಟ್ಟನು. ಕಾಡಿನ ಸೀಮೆಯಾದ್ದರಿಂದ ಪೆನ್ನನು ಸಿಲ್ವೇನಿಯ ಎಂಬ ಹೆಸರು ಸೂಚಿಸಿದನು. ದೊರೆ ಅಡ್ಮಿರಲ್ಲನ ನೆನಪಿಗಾಗಿ ಪೆನ್ ಎಂಬುದನ್ನು ಮುಂದೆ ಸೇರಿಸಿದನು. ತನ್ನ ಹೆಸರನ್ನು ಒಂದು ದೇಶಕ್ಕೆ ಇಟ್ಟುಕೊಂಡ ಡಂಭಾಚಾರವೆಂದು ಜನರು ತಿಳಿದಾರೆಂದು ಹೆದರಿ, ಅದನ್ನು ತೆಗೆಸಲು ಪೆನ್ನನು ಪ್ರಯತ್ನಪಟ್ಟನು, ಫಲಿಸಲಿಲ್ಲ. 1682ರಲ್ಲಿ ವೆಲ್‌ಕಮ್ ಎಂಬ ಹಡಗಿನಲ್ಲಿ ಹೊರಟಾಗ ದಾರಿಯಲ್ಲಿ ಸಿಡುಬು ಬಿದ್ದು ಸುಮಾರು ನೂರು ಪ್ರಯಾಣಿಕರಲ್ಲಿ ಮೂವತ್ತು ಮಂದಿ ಸತ್ತರು. ಅಕ್ಟೋಬರಿನಲ್ಲಿ ಹಡಗು ದಡ ಮುಟ್ಟಿತು.

ಫಿಲಡೆಲ್ಫಿಯದ ನಕ್ಷೆಯನ್ನು ನೋಡಿದವರಿಗೆ ಅದು ಕೂಟದ ಮನೆಯನ್ನು ಕಂಡ ಕಣ್ಣಿನ ಕೆಲಸವೆಂದು ತೋರದಿರದು. ಎರಡು ನದಿಗಳ ನಡುವೆ ನೇರವಾದ ಬೀದಿಗಳು, ಸಮಕೋನದ ಚೌಕಗಳು. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ಹೀಗೆ ಎಲ್ಲರಿಗೂ ಸೇರಿದ ಐದು ಬಯಲುಗಳು. ನಡುವೆ ಹಾಯ್ದ ಎರಡು ಮುಖ್ಯ ಬೀದಿಗಳಿಗೆ 100 ಅಡಿ ಅಗಲ. 1666ರಲ್ಲಿ ಲಂಡನ್ ಸುಟ್ಟುದನ್ನು ಬಲ್ಲ ಪೆನ್ನನು ಮನೆಗಳ ಸುತ್ತ ತೋಟಕ್ಕೆ ಜಾಗವಿರಲೆಂದು ಬಯಸಿದನು. ಅಳತೆಯ ಕೆಲಸವನ್ನು ಥಾಮಸ್ ಹೋಮ್ ಎಂಬಾತನು ನಡೆಸಿದನು. ಊರಿಗೆ ಕೋಟೆಯಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರೊಡನೆ ಪೆನ್ನನು ಒಪ್ಪಂದ ಮಾಡಿಕೊಂಡು, ದೊರೆ ಕೊಟ್ಟ ಭೂಮಿಗೂ ಅವರಿಗೆ ಬೆಲೆ ಕೊಟ್ಟನು. ದೇವರನ್ನು ನಂಬುವವರು ಯಾರೇ ಆಗಲಿ, ಪೂಜೆಯ ರೀತಿಗಾಗಿ ಅವರನ್ನು ಪೀಡಿಸಕೂಡದೆಂದು ಶಾಸನವಾಯಿತು. ಈ ನಡತೆ ಆತನ ಮಕ್ಕಳ ಕಾಲಕ್ಕೆ ಉಳಿಯಲಿಲ್ಲ. 1737ರಲ್ಲಿ ಅವರು ಒಂದು ಹಳೆಯ ಪತ್ರವನ್ನು ಮುಂದುಮಾಡಿ ಲೆನಾಪೆಗಳ ವಿಸ್ತಾರವಾದ ಭೂಮಿಯನ್ನು ಮೋಸದಿಂದ ಕಿತ್ತುಕೊಂಡರು.

ಪೆನ್ನನು 1684ರಲ್ಲಿ ಇಂಗ್ಲೆಂಡಿಗೆ ಮರಳಿದನು. ಮರುವರ್ಷ ಎರಡನೆಯ ಜೇಮ್ಸ್ ಪಟ್ಟಕ್ಕೆ ಬಂದನು. ಈ ದೊರೆ ರೋಮನ್ ಕ್ಯಾಥೊಲಿಕ್. ದೇಶಕ್ಕೆ ಅವನಲ್ಲಿ ನಂಬಿಕೆಯಿರಲಿಲ್ಲ. ಪೆನ್ನನಿಗೆ ಮಾತ್ರ ಅವನು ತಂದೆಯ ಕಾಲದ ಸ್ನೇಹಿತ. ಆ ಸ್ನೇಹವನ್ನು ಪೆನ್ನನು ಸೆರೆಯಲ್ಲಿದ್ದವರಿಗಾಗಿ ಬಳಸಿದನು. 1686ರಲ್ಲಿ ಸಾವಿರಕ್ಕೂ ಹೆಚ್ಚು ಕ್ವೇಕರರು ಬಿಡುಗಡೆಯಾದರು. 1687ರ ಏಪ್ರಿಲಿನಲ್ಲಿ ಪೂಜೆಯ ವಿಷಯದ ಕಠಿಣ ಶಾಸನಗಳನ್ನೆಲ್ಲ ದೊರೆ ತಡೆಹಿಡಿದನು. ಮರುವರ್ಷವೇ ಜೋರ್ಡನ್ಸಿನಲ್ಲಿ ಗೋಡೆ ಎದ್ದಿತು. ಇದು ಶುದ್ಧವಾದ ಜಯವೆಂದು ನಾನು ಹೇಳಲಾರೆ. ಪಾರ್ಲಿಮೆಂಟನ್ನು ಕೇಳದೆ ದೊರೆ ತನ್ನ ಇಚ್ಛೆಯಿಂದ ಕೊಟ್ಟ ಸ್ವಾತಂತ್ರ್ಯವನ್ನು ಇಚ್ಛೆ ಬಂದಾಗ ಹಿಂದಕ್ಕೆ ಪಡೆಯಬಹುದು. ಇದನ್ನು ಬಲ್ಲ ಜನರು ಪೆನ್ನನನ್ನು ದೊರೆಯ ಕೈಗೊಂಬೆಯೆಂದರು. ಒಳಗೊಳಗೆ ಕ್ಯಾಥೊಲಿಕ್ ಎಂದರು. 1688ರ ಕೊನೆಯಲ್ಲಿ ಜೇಮ್ಸ್ ದೇಶ ಬಿಟ್ಟು ಓಡಿದಾಗ ಪೆನ್ನನ ಮೇಲೆ ರಾಜದ್ರೋಹದ ಸಂಶಯ ಬಿತ್ತು. ಮಿತ್ರರಿಗೆ ಬಹಿರಂಗವಾಗಿ ಕೂಡಲು ಮನೆಯಾದ ಕಾಲದಲ್ಲಿಯೇ ಅದಕ್ಕಾಗಿ ಹೆಣಗಿದವನು ಕೆಲವು ವರ್ಷ ಕಣ್ಮರೆಯಾಗಿ ಬಾಳಬೇಕಾಯಿತು. 1692ರಲ್ಲಿ ಪೆನ್ಸಿಲ್ವೇನಿಯದ ಆಡಳಿತವೂ ಆತನ ಕೈಬಿಟ್ಟಿತು. ಅದು ಮರಳಿ ಬಂದುದು 1694ರಲ್ಲಿ.

1689ರಲ್ಲಿ ಪಾರ್ಲಿಮೆಂಟು ಸಹಿಷ್ಣುತೆಯ ಶಾಸನವನ್ನು ಮಾಡಿ ಕೂಟದ ಮನೆಗಳಿಗೆ ಕಾನೂನಿನ ರಕ್ಷೆ ಕೊಟ್ಟಿತು. ಆದರೆ ಒಂದು ಷರತ್ತಿತ್ತು: ಕೂಟ ನಡೆಯುವಾಗ ಬಾಗಿಲಿಗೆ ಬೀಗವನ್ನಾಗಲಿ ಅಗಣಿಯನ್ನಾಗಲಿ ಹಾಕಕೂಡದು. ಒಳಗೆ ಏನೋ ಒಳಸಂಚು ನಡೆದೀತೆಂಬ ಭಯದಿಂದ ಹುಟ್ಟಿದ ಷರತ್ತು ಇದು. ಹೊರಗಿನಿಂದ ಸಿಪಾಯಿಗಳು ಬಾಗಿಲು ಮುಚ್ಚಿದ ಕಾಲವನ್ನು ಕಂಡವರಿಗೆ ಒಳಗಿನಿಂದ ಅಗಣಿ ಹಾಕಬೇಡಿರೆಂದು ಹೇಳುವುದು ವಿಚಿತ್ರವೇ ಸರಿ. ಸಂಶಯದಿಂದ ಬರೆದ ಈ ಮಾತು ಕ್ವೇಕರರ ಧರ್ಮಕ್ಕೆ ತಾನಾಗಿ ಒಪ್ಪಿತು. ಎಲ್ಲರಲ್ಲಿಯೂ ಬೆಳಕಿದೆಯೆಂದು ನಂಬುವವರ ಮನೆಗೆ ಅಗಣಿ ಏತಕ್ಕೆ?

ಜೋರ್ಡನ್ಸಿನ ಮನೆಯ ಇನ್ನೊಂದು ಭಾಗವನ್ನು ಇಲ್ಲಿ ಹೇಳಬೇಕು. ಕೂಟದ ಕೋಣೆ ಮಾಡಿನವರೆಗೆ ಎತ್ತರವಾಗಿದ್ದರೆ, ಮನೆಯ ಒಂದು ತುದಿ ಎರಡು ಅಂತಸ್ತಾಗಿದೆ. ಮೇಲಿನ ಅಂತಸ್ತಿನಿಂದ ಕೂಟದ ಕೋಣೆಯ ಕಡೆಗೆ ಮರದ ಕದಗಳಿವೆ. ಕದ ಮುಚ್ಚಿದರೆ ಹೆಂಗಸರು ತಮ್ಮ ಕೂಟದ ವ್ಯವಹಾರಗಳನ್ನು ಬೇರೆಯಾಗಿ ನಡೆಸಿಕೊಳ್ಳಬಹುದು. ತೆರೆದರೆ ಎರಡೂ ಒಂದೇ ಸಭೆ. ಹೆಂಗಸರು ಚರ್ಚಿನಲ್ಲಿ ಬಾಯಿ ತೆರೆಯಬಾರದೆಂದಿದ್ದ ಕಾಲದಲ್ಲಿ ಈ ಪಂಥ ಅವರಿಗೆ ಬೋಧಿಸುವ ಹಕ್ಕನ್ನೂ, ಬಡವರ ಪೋಷಣೆ ಮದುವೆ ಮುಂತಾದ ವಿಷಯಗಳಲ್ಲಿ ತೀರ್ಮಾನದ ಹಕ್ಕನ್ನೂ ಕೊಟ್ಟಿತ್ತು. ಬಡಗಿಯು ಮಾಡಿದ ಆ ಕದಗಳಲ್ಲಿ ಒಂದು ಸಾಮಾಜಿಕ ವಿಚಾರವಿದೆ.

ಮನೆ ಎದ್ದ ವರ್ಷದಲ್ಲಿಯೇ, 1688ರಲ್ಲಿ, ಪೆನ್ನನ ಸ್ವಂತ ನಾಡಿನಲ್ಲಿ ಬೇರೊಂದು ಸಂಗತಿ ನಡೆಯಿತು. ಫಿಲಡೆಲ್ಫಿಯದ ಪಕ್ಕದ ಜರ್ಮನ್‌ಟೌನಿನಲ್ಲಿ ಪಾಸ್ಟೋರಿಯಸ್ ಮೊದಲಾದ ನಾಲ್ವರು ಸೇರಿ, ಮನುಷ್ಯರನ್ನು ಕೊಂಡು ಮಾರುವುದು ಅಧರ್ಮವೆಂದು ಬರೆದು ತಮ್ಮ ಮಿತ್ರರ ಕೂಟಕ್ಕೆ ಒಪ್ಪಿಸಿದರು. ಅಮೆರಿಕದ ವಸಾಹತುಗಳಲ್ಲಿ ಗುಲಾಮಗಿರಿಯ ವಿರುದ್ಧ ಎದ್ದ ಮೊದಲ ಬರಹ ಪ್ರತಿಭಟನೆ ಇದೆಂದು ಚರಿತ್ರಕಾರರು ಎಣಿಸುತ್ತಾರೆ. ಕೆಳಗಿನ ಕೂಟ ಅದನ್ನು ಮೇಲಿನ ಕೂಟಕ್ಕೆ ಕಳುಹಿಸಿತು. ಮೇಲಿನದು ಅದಕ್ಕೂ ಮೇಲಿನದಕ್ಕೆ. ಅಲ್ಲಿ ಅದು ಮೂಲೆಗೆ ಬಿದ್ದಿತು. ಪೆನ್ಸ್‌ಬರಿಯಲ್ಲಿ ಪೆನ್ನನ ಸ್ವಂತ ತೋಟದಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. ಮುಚ್ಚಿದ ಬಾಗಿಲಿನ ಮುಂದೆ ನಿಂತು ತನ್ನ ಹಕ್ಕನ್ನು ಕೇಳಿದವನಿಗೆ, ತನ್ನ ಹೊಲದಲ್ಲಿ ದುಡಿಯುವವನ ಹಕ್ಕು ಕಾಣಲಿಲ್ಲ. ಎಲ್ಲರನ್ನೂ ಒಂದೇ ನೆಲದಲ್ಲಿ ಕೂರಿಸುವ ಮನೆಯ ಪಾಠವನ್ನು ಆ ಮನೆಯ ಜನರೇ ಕಲಿತು ಮುಗಿಸಲು ಬಹುಕಾಲ ಹಿಡಿಯಿತು. ಗುಲಾಮರನ್ನಿಟ್ಟುಕೊಂಡವರಿಗೆ ತಮ್ಮ ಸಮಾಜದಲ್ಲಿ ಸ್ಥಾನವಿಲ್ಲವೆಂದು ಫಿಲಡೆಲ್ಫಿಯದ ಕ್ವೇಕರರು ವಿಧಿಸಿದುದು 1776ರಲ್ಲಿ. ವಿದ್ಯಾರ್ಥಿಗಳಿಗೆ ಪೆನ್ನನ ಕಥೆಯನ್ನು ಹೇಳುವವರು ಈ ಅಧ್ಯಾಯವನ್ನು ಹಾರಿಸಬಾರದೆಂದು ನನ್ನ ವಿನಂತಿ. ಇದನ್ನು ಬಿಟ್ಟರೆ ಉಳಿಯುವುದು ಸ್ತೋತ್ರ, ಚರಿತ್ರೆಯಲ್ಲ.

ಆತನ ಮುಂದಿನ ಬಾಳು ಇಳಿಹೊತ್ತಿನದು. ಯೂರೋಪಿನ ರಾಜ್ಯಗಳೆಲ್ಲ ಒಂದು ಸಭೆಯಲ್ಲಿ ಕುಳಿತು ತಮ್ಮ ವ್ಯಾಜ್ಯಗಳನ್ನು ಯುದ್ಧವಿಲ್ಲದೆ ಬಗೆಹರಿಸಿಕೊಳ್ಳಬೇಕೆಂಬ ಪ್ರಬಂಧವನ್ನು 1693ರಲ್ಲಿ ಪ್ರಕಟಿಸಿದನು. 1694ರಲ್ಲಿ ಗುಲಿಯೆಲ್ಮ ತೀರಿಕೊಂಡು ಜೋರ್ಡನ್ಸಿನಲ್ಲಿ ತನ್ನ ಮಕ್ಕಳ ಪಕ್ಕಕ್ಕೆ ಸೇರಿದಳು. 1696ರಲ್ಲಿ ಹಿರಿಯ ಮಗ ಸ್ಪ್ರಿಂಗೆಟ್ಟನೂ ಹೋದನು. ಅದೇ ವರ್ಷ ಬ್ರಿಸ್ಟಲ್ಲಿನ ಹ್ಯಾನಾ ಕ್ಯಾಲೊಹಿಲ್ ಎಂಬಾಕೆಯನ್ನು ಪೆನ್ನನು ಮದುವೆಯಾದನು. 1699ರಿಂದ 1701ರವರೆಗೆ ಮತ್ತೆ ಅಮೆರಿಕದಲ್ಲಿದ್ದು, ಜನರ ಹಕ್ಕುಗಳ ಸನ್ನದನ್ನು ಕೊಟ್ಟು ಬಂದನು. ಇತ್ತ, ನಂಬಿದ ಕಾರ್ಯಸ್ಥ ಫಿಲಿಪ್ ಫೋರ್ಡ್ ತಂದಿಟ್ಟ ಕಾಗದಗಳಿಗೆ ಓದದೆ ರುಜು ಹಾಕುತ್ತಿದ್ದುದರಿಂದ ಸಾಲ ಬೆಳೆದು ಪೆನ್ಸಿಲ್ವೇನಿಯವೇ ಒತ್ತೆಬಿದ್ದಂತಾಗಿತ್ತು. ಫೋರ್ಡನ ವಾರಸುದಾರರು ದಾವೆ ಹೂಡಿದರು. 1708ರಲ್ಲಿ ಒಂದು ದೇಶದ ಒಡೆಯನು ಸಾಲಗಾರರ ಸೆರೆಗೆ ಹೋದನು. ಮಿತ್ರರು ಹಣ ಕೂಡಿಸಿ ಬಿಡಿಸಿದರು. 1712ರಲ್ಲಿ ಪಾರ್ಶ್ವವಾಯು ಹೊಡೆದು ನೆನಪು ಮಾತು ಎರಡೂ ಕುಂದಿದವು. ಅಲ್ಲಿಂದ ಮುಂದೆ ಪೆನ್ಸಿಲ್ವೇನಿಯದ ಕಾರ್ಯಭಾರವನ್ನು ಸಮುದ್ರದ ಈಚೆಯಿಂದಲೇ ನಡೆಸಿದವಳು ಹ್ಯಾನಾ. 1718ರ ಜುಲೈ 30ರಂದು ಬರ್ಕ್‌ಷೈರಿನ ರಸ್ಕೂಂಬಿನಲ್ಲಿ ಪೆನ್ನನು ಕಾಲವಾದನು. ಅಲ್ಲಿಂದ ತಂದು ಜೋರ್ಡನ್ಸಿನಲ್ಲಿ, ಗುಲಿಯೆಲ್ಮಳಿದ್ದ ಸ್ಮಶಾನದಲ್ಲಿ ಹೂಳಿದರು. ಕೆಲವು ವರ್ಷಗಳ ಮೇಲೆ ಹ್ಯಾನಾಳೂ ಅಲ್ಲಿಗೆ ಬಂದಳು.

ಗೋರಿಯ ಮೇಲೆ ಕಲ್ಲು ನಿಲ್ಲಿಸುವುದು ಹಿಂದಿನ ಕ್ವೇಕರರಿಗೆ ಹೆಮ್ಮೆಯ ಕೆಲಸವಾಗಿ ಕಾಣುತ್ತಿತ್ತು. ಆದ್ದರಿಂದ ಪೆನ್ನನು ಮಲಗಿದ ಜಾಗ ಒಂದು ಶತಮಾನಕ್ಕೂ ಮಿಕ್ಕು ಬರಿಯ ಹುಲ್ಲಾಗಿತ್ತು. ಈಗ ಕಾಣುವ ಗಿಡ್ಡನೆಯ ಕಲ್ಲುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಿಲ್ಲಿಸಿದರು. ಅವುಗಳಲ್ಲಿ ಹೆಸರು, ವರ್ಷಗಳ ಹೊರತು ಹೊಗಳಿಕೆಯಿಲ್ಲ. 1881ರಲ್ಲಿ ಪೆನ್ಸಿಲ್ವೇನಿಯದವರು ಬಂದು, ತಮ್ಮ ಸ್ಥಾಪಕನ ಅವಶೇಷಗಳನ್ನು ಫಿಲಡೆಲ್ಫಿಯಕ್ಕೆ ಕೊಂಡೊಯ್ಯಲು ಅನುಮತಿ ಕೇಳಿದ್ದುಂಟು. ಸ್ಥಳದ ಕ್ವೇಕರರು ಒಪ್ಪಲಿಲ್ಲ. ಅವಶೇಷ ಸಿಗದಿದ್ದರೇನು, ಆ ನಗರ ಪೆನ್ನನನ್ನು ಬೇರೆ ರೀತಿಯಿಂದ ಗೌರವಿಸಿತು. ಆತನು ಎಲ್ಲರಿಗಾಗಿ ಬಿಟ್ಟಿದ್ದ ನಡುವಣ ಬಯಲಿನಲ್ಲಿ ಎದ್ದ ನಗರಸಭಾ ಭವನದ ಗೋಪುರದ ತುದಿಗೆ, 1894ರಲ್ಲಿ, 37 ಅಡಿ ಎತ್ತರದ ಆತನ ಕಂಚಿನ ವಿಗ್ರಹವನ್ನು ಏರಿಸಿದರು. ನೆಲದಿಂದ ವಿಗ್ರಹದ ತಲೆಯವರೆಗೆ 548 ಅಡಿ. ಗೋಪುರ ಬೇಡವೆಂದ ಪಂಥದವನು ಹೀಗೆ ಗೋಪುರದ ಕಳಶವಾದನು. ಭಕ್ತರ ಅಭಿಮಾನ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದೆಂದು ಕಾಣುತ್ತದೆ.

ಜೋರ್ಡನ್ಸಿನ ಮನೆಗೂ ಒಂದು ಅಗ್ನಿಪರೀಕ್ಷೆ ಬಂದಿತು. 2005ರ ಮಾರ್ಚಿನಲ್ಲಿ ಬೆಂಕಿ ಬಿದ್ದು, ಮುಂದಿನ ಕಾಲದಲ್ಲಿ ಸೇರಿಸಿದ್ದ ಭಾಗ ಸುಟ್ಟುಹೋಯಿತು. 1688ರ ಮಾಡಿಗೂ ಬಹಳ ಹಾನಿಯಾಯಿತು. ಆದರೆ ಕೂಟದ ಕೋಣೆಯ ಒಳಗಿನ ಹಳೆಯ ಹಲಗೆ, ಬೆಂಚು, ಇಟ್ಟಿಗೆಗಳು ಬಹುಮಟ್ಟಿಗೆ ಉಳಿದುಕೊಂಡವು. ರಿಪೇರಿ ಮುಗಿದು 2008ರಲ್ಲಿ ಮನೆ ಮತ್ತೆ ತೆರೆಯಿತು. ಮೊದಲಿದ್ದಂತೆಯೇ ಜನ ಬಂದು ಬೆಂಚುಗಳ ಮೇಲೆ ಮೌನವಾಗಿ ಕುಳಿತರು.

ಫಿಲಡೆಲ್ಫಿಯದ ವಿಗ್ರಹವನ್ನು ನೋಡುವವನು ಕತ್ತು ಎತ್ತಬೇಕು. ಅಷ್ಟು ಎತ್ತರದಲ್ಲಿ ಪೆನ್ನನ ಮುಖವೂ ಕಾಣದು, ಕುಂದೂ ಕಾಣದು. ಜೋರ್ಡನ್ಸಿನ ಮನೆ ಆತನನ್ನು ಮೇಲಕ್ಕೇರಿಸದೆ, ಹೊರಕ್ಕೂ ಹಾಕದೆ, ಹೆಂಡಿರು ಮಕ್ಕಳು ಮಿತ್ರರ ನಡುವೆ ಒಬ್ಬನಾಗಿ ಇಟ್ಟುಕೊಂಡಿದೆ. ಧೈರ್ಯವಿದ್ದ, ಕಣ್ಣು ತಪ್ಪಿದ, ಕೊನೆಗೆ ಎಲ್ಲವನ್ನೂ ಕಳೆದುಕೊಂಡ ಒಬ್ಬ ಮನುಷ್ಯನಿಗೆ ಇದಕ್ಕಿಂತ ನ್ಯಾಯವಾದ ಸ್ಮಾರಕವನ್ನು ನಾನು ಊಹಿಸಲಾರೆ. ಆ ಮನೆಯ ಬಾಗಿಲಿಗೆ ಕೂಟದ ಹೊತ್ತಿನಲ್ಲಿ ಅಗಣಿಯಿಲ್ಲ ಎಂಬುದೊಂದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಟ್ಟುಕೊಂಡರೆ ಪೆನ್ನನ ಚರಿತ್ರೆಯ ಮುಖ್ಯಭಾಗವನ್ನು ಕಲಿತಂತೆಯೇ ಸರಿ.